ಕೆಂಪು ದಾರದ ಗುರುತು

ಆ ಮನೆಗೆ ಯುದ್ಧ ಯಾವಾಗಲೂ ಒಂದು ವಾರ ತಡವಾಗಿ ಬರುತ್ತಿತ್ತು. ಇಸ್ತ್ರಿಯಾದ ಬಟ್ಟೆಗಳನ್ನು ಸುತ್ತಿ ಕೊಡಲು ಮಾವ ಮೂಲೆಯಂಗಡಿಯಿಂದ ಹಳೆಯ ಪತ್ರಿಕೆಗಳ ಕಟ್ಟು ತರುತ್ತಿದ್ದರು. ಸುತ್ತುವ ಮುಂಚೆ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟು, ಗಂಟಲು ಸರಿಮಾಡಿಕೊಂಡು, ಮನೆಯವರಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಯಾವುದೋ ಪಟ್ಟಣ ನಮ್ಮದಾಯಿತು ಎಂದು ಅವರು ಸಾರುವ ಹೊತ್ತಿಗೆ ಅದು ಮತ್ತೆ ಕೈಬಿಟ್ಟು ಹೋಗಿರುತ್ತಿತ್ತು.

"ಅಪ್ಪಾ, ನಿನ್ನ ಯುದ್ಧ ಹಳಸಿದೆ," ಎಂದು ನಾದಿನಿ ಗೇಲಿ ಮಾಡುವಳು.

"ಹಳಸಲಿ ಬಿಡು. ಬಿಸಿಬಿಸಿ ಇದ್ದಾಗ ತಿಂದು ಬಾಯಿ ಸುಟ್ಟುಕೊಂಡವರನ್ನ ನೋಡಿದ್ದೀನಿ," ಎಂದು ಮಾವ ಮತ್ತೆ ಇಸ್ತ್ರಿ ಹಿಡಿಯುವರು.

ಯುದ್ಧ ಶುರುವಾದ ದಿನ ಮಾತ್ರ ಸುದ್ದಿ ಪತ್ರಿಕೆಯನ್ನು ಕಾಯಲಿಲ್ಲ. ವಾರದ ಕೊನೆಗೆ ಕೊಡಬೇಕಾಗಿದ್ದ ಅಂಗಿಗಳನ್ನು ಜನ ವಾರದ ಮೊದಲಲ್ಲೇ ಕೇಳಿಕೊಂಡು ಬಂದರು. ಗುಮಾಸ್ತನ ಹೆಂಡತಿ ಬಂದಳು, ಮೇಷ್ಟ್ರ ತಾಯಿ ಬಂದರು, ಟ್ರಾಮ್ ಓಡಿಸುವವನು ತಾನೇ ಬಂದ. ಒದ್ದೆಯಿದ್ದರೂ ಪರವಾಗಿಲ್ಲ, ಕೊಡಿ ಎಂದರು. ಮಧ್ಯಾಹ್ನದೊಳಗೆ ಹಿತ್ತಲಿನ ಹಗ್ಗಗಳೆಲ್ಲ ಖಾಲಿಯಾದವು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಸೊಸೆ ಹಗ್ಗಗಳನ್ನು ಹಾಗೆ ಬೋಳುಬೋಳಾಗಿ ನೋಡಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳ ಗಂಡನಿಗೂ ಕರೆ ಬಂತು.

ಊರಿನ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಮನೆ ಅದು. ರಸ್ತೆಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಅದರ ಹಿಂದೆ ಇಸ್ತ್ರಿಯ ಕೋಣೆ, ಅಡಿಗೆಮನೆ, ಗಂಡಹೆಂಡಿರ ಸಣ್ಣ ಕೋಣೆ. ಹಿತ್ತಲಲ್ಲಿ ಕುದಿಯುವ ಹಂಡೆ, ಒಗೆಯುವ ಕಲ್ಲು. ಬಂದ ಬಟ್ಟೆಗೆಲ್ಲ ಗುರುತು ಹಾಕುವುದು ಅತ್ತೆಯ ಕೆಲಸ. ಅತ್ತೆಗೆ ಓದು ಬರುತ್ತಿರಲಿಲ್ಲ. ಕತ್ತಿನ ಪಟ್ಟಿಯ ಒಳಬದಿಯಲ್ಲಿ ಕೆಂಪು ದಾರದಿಂದ ಒಂದೊಂದು ಮನೆಗೆ ಒಂದೊಂದು ಹೊಲಿಗೆ. ಗುಮಾಸ್ತನ ಮನೆಗೆ ಒಂದು ಅಡ್ಡಗೆರೆ, ಮೇಷ್ಟ್ರ ಮನೆಗೆ ಮೂರು ಚುಕ್ಕೆ. ಕಣ್ಣು ಮುಚ್ಚಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿದರೆ ಸಾಕು, ಇದು ಯಾರ ಮನೆಯದು ಎಂದು ಹೇಳಿಬಿಡುತ್ತಿದ್ದರು. ತಮ್ಮ ಮನೆಯ ಗುರುತು ಎರಡು ನೇರ ಹೊಲಿಗೆ, ಅವಕ್ಕೆ ಒರಗಿಕೊಂಡ ಇನ್ನೊಂದು ಓರೆ ಹೊಲಿಗೆ. ಬಾಗಿಲಿಗೆ ಕೋಲು ಒರಗಿಸಿಟ್ಟ ಹಾಗೆ.

ಅತ್ತೆಯದು ಒಂದು ಕಟ್ಟಳೆ ಇತ್ತು. ಇನ್ನೊಬ್ಬರ ಗುರುತಿನ ಬಟ್ಟೆಯನ್ನು ಮನೆಯವರು ಮೈಗೆ ಹಾಕಬಾರದು. ಯಾರೂ ಬಂದು ಕೇಳದೆ ಉಳಿದದ್ದು ಅಂಗಡಿಯ ಮೇಲಿನ ಹಲಗೆಯಲ್ಲಿ ಕಾಯಬೇಕು, ಎಷ್ಟು ಕಾಲವಾದರೂ. ಬ್ಯಾಂಡು ಬಾರಿಸುವವನೊಬ್ಬನ ಜರಿಯಂಚಿನ ಷರಾಯಿ ಸೊಸೆ ಬರುವ ಮುಂಚಿನಿಂದಲೂ ಆ ಹಲಗೆಯ ಮೇಲಿತ್ತು. ಒಮ್ಮೆ ಅವಳ ಗಂಡ ತಮಾಷೆಗೆ ಅದನ್ನು ತೊಟ್ಟು ಹಿತ್ತಲಲ್ಲಿ ಕುಣಿದಿದ್ದ. ಅಷ್ಟು ದೊಡ್ಡ ಗಂಡಸಿಗೆ, ಹೆಂಡತಿಯ ಎದುರಿಗೆ, ಅತ್ತೆ ಕೆನ್ನೆಗೆ ಬಿಟ್ಟಿದ್ದರು.

ಅವನು ಹೊರಡುವ ಬೆಳಿಗ್ಗೆ ಅತ್ತೆ ಅವನ ದಪ್ಪ ಒಳಂಗಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಗುರುತು ಹೊಲಿಯುತ್ತ ಕೂತರು.

"ಅಮ್ಮಾ, ಅಲ್ಲಿ ಸರ್ಕಾರದ ಬಟ್ಟೆ ಕೊಡ್ತಾರೆ. ಅದಕ್ಕೆ ನಂಬರ್ ಇರುತ್ತೆ."

"ಮೇಲಿಂದು ಸರ್ಕಾರದ್ದು. ಒಳಗಿಂದು ನನ್ನದು."

"ಜೊತೆಯವರು ನಗ್ತಾರೆ."

"ನಗಲಿ. ಬಟ್ಟೆ ಕಳಕೊಂಡ ದಿನ ಅವರೇ ಅಳ್ತಾರೆ. ಎಲ್ಲಿ ಬಿದ್ದಿದ್ರೂ ನಮ್ಮ ಬಟ್ಟೆ ನಮ್ಮನೆಗೆ ಬರುತ್ತೆ." ದಾರವನ್ನು ಹಲ್ಲಿನಿಂದ ಕತ್ತರಿಸಿದರು.

ಸೊಸೆ ಬಾಗಿಲವರೆಗೆ ಬಂದಳು. ಎಲ್ಲರೂ ನೋಡುತ್ತಿದ್ದರು. ಗಂಡ ಚೀಲವನ್ನು ಹೆಗಲಿಗೇರಿಸಿ, ಏನೋ ಹೇಳಬೇಕೆಂದು ಬಾಯಿ ತೆರೆದು, ಕೊನೆಗೆ ಹೇಳಿದ್ದು ಇಷ್ಟು: "ನೀಲಿ ನೋಡ್ಕೊಂಡು ಹಾಕು. ನೀನು ಯಾವಾಗ್ಲೂ ಒಂದು ಚಿಟಿಕೆ ಹೆಚ್ಚು ಹಾಕ್ತೀಯ."

ಬಿಳಿ ಬಟ್ಟೆಗೆ ಕಡೆಯ ನೀರಿನಲ್ಲಿ ನೀಲಿ ಹಾಕುವುದು ಆ ಮನೆಯಲ್ಲಿ ಅವನ ಕೆಲಸವಾಗಿತ್ತು. ಅವಳು ತಲೆಯಾಡಿಸಿದಳು. ಆಮೇಲೆ ಎಷ್ಟೋ ದಿನ ಅವಳಿಗೆ ಗಂಡನ ಮಾತೆಂದರೆ ಅದೊಂದೇ. ಬೇರೆ ಏನಾದರೂ ಕೇಳಬಹುದಿತ್ತು ನಾನು, ಎಂದು ತೊಟ್ಟಿಯ ಮುಂದೆ ಕೂತಾಗಲೆಲ್ಲ ಅನ್ನಿಸುವುದು.

ಮೊದಲ ವರ್ಷ ಅಂಗಡಿಗೆ ಬರುವ ಗಂಟುಗಳು ಹಗುರಾದವು. ಗಂಡಸರ ಅಂಗಿ ಕಡಿಮೆಯಾಗಿ, ಹೆಂಗಸರದೂ ಮಕ್ಕಳದೂ ಉಳಿಯಿತು. ಎರಡನೆಯ ವರ್ಷ ಹಿಟ್ಟಿಗೆ ಸರ್ಕಾರದ ಅಂಕೆ ಬಂತು. ಬಟ್ಟೆಗೆ ಗಂಜಿ ಹಾಕುವುದು ನಿಂತಿತು. ಊರಿನ ಕಾಲರುಗಳೆಲ್ಲ ಬಾಡಿದ ಎಲೆಯ ಹಾಗೆ ಜೋತುಬಿದ್ದವು. ಸೆಟೆದುಕೊಂಡೇ ನಿಲ್ಲುವ ನಾದಿನಿಗೆ ಅವಳಣ್ಣ ಇಟ್ಟಿದ್ದ ಅಡ್ಡಹೆಸರೇ ಗಂಜಿ. "ಇನ್ನು ಈ ಊರಲ್ಲಿ ಉಳಿದಿರೋ ಗಂಜಿ ನಾನೊಬ್ಬಳೇ," ಎಂದು ಅವಳು ನಕ್ಕಳು. ನೀಲಿಯೂ ಸಿಗದಾಯಿತು. ಸೋಪಿನ ಬದಲು ಬೂದಿ ನೀರು ಬಂತು. ಬಿಳಿ ಬಟ್ಟೆಗಳು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದವು, ಯಾರೂ ದೂರಲಿಲ್ಲ.

ಅದೇ ಹೊತ್ತಿಗೆ ಊರಾಚೆಯ ಶಾಲೆಯಲ್ಲಿ ಮಿಲಿಟರಿ ಆಸ್ಪತ್ರೆ ತೆರೆಯಿತು. ಅಲ್ಲಿನ ಬಟ್ಟೆಯ ಕೆಲಸ ಈ ಮನೆಗೆ ಸಿಕ್ಕಿತು. ಸೊಸೆ ಕೈಗಾಡಿ ತಳ್ಳಿಕೊಂಡು ಹೋಗಿ ಗಂಟುಗಳನ್ನು ತರುವಳು. ರಕ್ತಕ್ಕೆ ಬಿಸಿನೀರು ತಾಗಿಸಕೂಡದು, ಕಲೆ ನಿಂತುಬಿಡುತ್ತದೆ. ಉಪ್ಪು ಹಾಕಿದ ತಣ್ಣೀರೇ ಆಗಬೇಕು. ಚಳಿಗಾಲದಲ್ಲಿ ಆ ನೀರಿನಲ್ಲಿ ಕೈಯಿಟ್ಟರೆ ಮೊಣಕೈವರೆಗೆ ತನ್ನ ಕೈ ತನ್ನದೆನ್ನಿಸುತ್ತಿರಲಿಲ್ಲ. ಗಂಟು ಬಿಚ್ಚಿ ವಿಂಗಡಿಸುವುದು ಅತ್ತೆ. ಒಮ್ಮೆ ಮಾತ್ರ, ಆ ಎರಡನೆಯ ಚಳಿಗಾಲದಲ್ಲೇ, ಅತ್ತೆ ಅರ್ಧ ವಿಂಗಡಿಸಿದ ಗಂಟನ್ನು ಹಾಗೇ ಬಿಟ್ಟು ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಕೇಳಿದರೆ ಬೆನ್ನು ಹಿಡಕೊಂಡಿದೆ ಎಂದರು. ಎರಡು ದಿನ ಊಟಕ್ಕೆ ಏಳಲಿಲ್ಲ. ಆಮೇಲಿಂದ ವಿಂಗಡಿಸುವುದೂ ಸೊಸೆಯ ಪಾಲಿಗೆ ಬಂತು.

ಊಟಕ್ಕೆ ಈಗ ಬೇಯಿಸಿದ ಆಲೂಗಡ್ಡೆ, ಗಟ್ಟಿ ಬ್ರೆಡ್ಡು, ಇದ್ದರೆ ಒಂದು ಈರುಳ್ಳಿ. ಅತ್ತೆ ಮಾತ್ರ ಪ್ರತಿ ಹೊತ್ತಿಗೂ ಮಗನ ತಟ್ಟೆಯನ್ನು ಅವನ ಜಾಗದಲ್ಲಿ ಇಡುತ್ತಿದ್ದರು. ಊಟ ಮುಗಿದ ಮೇಲೆ ಏನೂ ಬೀಳದ ಆ ತಟ್ಟೆಯನ್ನು ಸೊಸೆ ಮಿಕ್ಕವುಗಳ ಜೊತೆ ತೊಳೆದು ಬೋರಲು ಹಾಕುವಳು. ಯುದ್ಧದಿಂದ ಅವನು ಬರೆಯುತ್ತಿದ್ದ ಕಾರ್ಡುಗಳು ನಿಂತು ಒಂದು ವರ್ಷ ದಾಟಿತ್ತು. ಸೈನ್ಯದ ಕಚೇರಿಯಲ್ಲಿ ವಿಚಾರಿಸಿದರೆ ಮಾಹಿತಿ ಇಲ್ಲ ಎನ್ನುತ್ತಿದ್ದರು. ಅತ್ತೆಯ ಆಸೆ ದೊಡ್ಡದು, ಅದನ್ನು ನಾನು ಮುರಿಯಬಾರದು, ಎಂದುಕೊಂಡು ಸೊಸೆ ತನ್ನ ಅಳುವನ್ನೆಲ್ಲ ಹಂಡೆಯ ಹಬೆಯಲ್ಲೇ ಮುಗಿಸಿಕೊಳ್ಳುತ್ತಿದ್ದಳು. ಕಣ್ಣು ಕೆಂಪಾದರೆ ಕೇಳುವವರಿಲ್ಲ. ಅಲ್ಲಿ ಎಲ್ಲರ ಕಣ್ಣೂ ಕೆಂಪೇ.

ನಾದಿನಿ ಮದ್ದುಗುಂಡಿನ ಕಾರ್ಖಾನೆ ಸೇರಿದಳು. ಕೆಲವು ತಿಂಗಳಲ್ಲಿ ಮದ್ದಿನ ಪುಡಿ ಹತ್ತಿ ಅವಳ ಕೈ, ಕತ್ತು, ಕೂದಲಿನ ಅಂಚು ಎಲ್ಲ ಹಳದಿಯಾದವು. ಅತ್ತೆಗೆ ಅದನ್ನು ಕಂಡರೆ ಆಗದು.

"ಆ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟಬೇಡ."

"ಈ ಕೈಯಿಂದಾನೇ ಅಮ್ಮ ಮನೆಗೆ ಸೋಪು ಬರ್ತಿರೋದು."

"ಸೋಪು ಬರುತ್ತೆ ಅಂತ ಮಗಳು ಅರಿಸಿನದ ಕೊಂಬಾಗಬೇಕಾ? ಯಾರು ಕಟ್ಟಿಕೊಳ್ತಾರೆ ನಿನ್ನ?"

"ಕಟ್ಟಿಕೊಳ್ಳೋರು ಎಲ್ಲಿದ್ದಾರೆ ಊರಲ್ಲಿ? ಒಬ್ಬನ್ನ ತೋರಿಸು, ಈಗಲೇ ಉಜ್ಜಿಕೊಂಡು ಬರ್ತೀನಿ."

ಮಾವ ಕೆಂಡ ಊದುತ್ತ, "ಪಕ್ಕದ ಬೀದಿಯಲ್ಲಿ ಒಬ್ಬನಿದ್ದಾನಲ್ಲ, ಹಲ್ಲಿಲ್ಲದವನು," ಎಂದರು. ನಾದಿನಿ ಬಿದ್ದು ಬಿದ್ದು ನಕ್ಕಳು. ಅತ್ತೆಯ ತುಟಿಯೂ ಸ್ವಲ್ಪ ಅಲುಗಿತು. ಮನೆಯಲ್ಲಿ ನಗು ಇನ್ನೂ ಇದೆ ಎಂದು ಸೊಸೆಗೆ ಆಗ ಆಶ್ಚರ್ಯವಾಯಿತು. ಅದರೊಳಗೆ ಹೋಗಿ ಕೂರುವ ದಾರಿ ಮಾತ್ರ ಅವಳಿಗೆ ಮರೆತುಹೋಗಿತ್ತು.

ಮೂರನೆಯ ಚಳಿಗಾಲದಲ್ಲಿ, ಆಸ್ಪತ್ರೆಯ ಗಂಟು ಬಿಚ್ಚುವಾಗ, ಅವಳ ಬೆರಳು ಒಂದು ಒಳಂಗಿಯ ಪಟ್ಟಿಯ ಮೇಲೆ ನಿಂತಿತು. ಎರಡು ನೇರ, ಒಂದು ಓರೆ.

ಅವಳು ಕೂಗಲಿಲ್ಲ. ಸುತ್ತ ನೋಡಿದಳು. ಅತ್ತೆ ಅಡಿಗೆಮನೆಯಲ್ಲಿ, ಮಾವ ಅಂಗಡಿಯಲ್ಲಿ. ಒಳಂಗಿಯನ್ನು ಸೆರಗಿನೊಳಗೆ ತುರುಕಿಕೊಂಡು, ಖಾಲಿ ಕೈಗಾಡಿ ತಳ್ಳಿಕೊಂಡು, ಹೋಗಬೇಕಾಗಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೊರಟಳು. ಗಾಡಿಯ ಚಕ್ರ ಕಿರುಗುಟ್ಟುತ್ತಿತ್ತು. ಅವನು ಅಲ್ಲಿದ್ದಾನೆ, ಇಷ್ಟು ದಿನ ನಾನು ಅವನ ಹೊದಿಕೆಯನ್ನೇ ಒಗೆಯುತ್ತಿದ್ದೆ, ಎನ್ನುವುದರ ಹೊರತು ಬೇರೆ ಯೋಚನೆ ಅವಳಿಗೆ ಬರಲಿಲ್ಲ.

"ಇದು ಯಾರ ಮೈಮೇಲಿತ್ತು?" ಎಂದು ನರ್ಸಿಗೆ ತೋರಿಸಿದಳು.

"ಏನಮ್ಮಾ, ಇಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ? ಒಗೆದು ಬಂದದ್ದನ್ನ ಸಿಕ್ಕಿದವರಿಗೆ ಹಾಕ್ತೀವಿ." ಅವಳ ಮುಖ ನೋಡಿ ನರ್ಸಿನ ದನಿ ಇಳಿಯಿತು. "ಇರು, ಇದು ದಪ್ಪದ್ದು. ನಮ್ಮ ದಾಸ್ತಾನಿಂದಲ್ಲ. ಮೊನ್ನೆ ಬಂದನಲ್ಲ ಕಾಲಿಗೆ ಗಾಯವಾದವನು, ಅವನದೇ ಇರಬೇಕು. ಕಿಟಕಿ ಪಕ್ಕದ ಮಂಚ."

ಕಿಟಕಿಯ ಪಕ್ಕ ಮಲಗಿದ್ದವನು ಬೇರೆಯವನು. ಅಗಲ ಮುಖ, ನರೆತ ಮೀಸೆ. ಸೊಸೆ ಮಂಚದ ಕಂಬಿ ಹಿಡಿದುಕೊಂಡಳು.

"ಈ ಒಳಂಗಿ ನಿಮಗೆ ಎಲ್ಲಿ ಸಿಕ್ತು?"

ಅವನು ಅದನ್ನೂ ಅವಳನ್ನೂ ನೋಡಿದ. "ಅಯ್ಯೋ. ವಾಪಸ್ ಕೊಡ್ಬೇಕಾ ಅಕ್ಕ?"

"ಬೇಡ. ಎಲ್ಲಿ ಸಿಕ್ತು ಹೇಳಿ."

"ಒಣಗಿಹಾಕಿದ್ರು. ಮುಳ್ಳುತಂತಿ ಮೇಲೆ. ನನ್ನದು ಹೇನು ಹತ್ತಿ ಹೋಗಿತ್ತು, ಇದನ್ನ ಎಳಕೊಂಡೆ. ಅಲ್ಲಿ ಹಾಗೇ. ನಾನು ಇವನದ್ದನ್ನ ಎಳಕೊಂಡ್ರೆ ಇವನು ಇನ್ನೊಬ್ಬನದ್ದನ್ನ ಎಳಕೊಳ್ತಾನೆ."

"ಅವರನ್ನ ನೋಡಿದ್ರಾ? ಉದ್ದಕ್ಕಿದ್ದಾರೆ. ತುಂಬಾ ಉದ್ದ."

"ಅಲ್ಲಿ ಎಲ್ಲರೂ ಬಗ್ಗಿಕೊಂಡೇ ಓಡಾಡ್ತೀವಿ ಅಕ್ಕ," ಎಂದು ಅವನು ಮೆಲ್ಲಗೆ ಹೇಳಿದ. "ಉದ್ದ ಯಾರು, ಗಿಡ್ಡ ಯಾರು, ಗೊತ್ತಾಗಲ್ಲ."

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಒಳಂಗಿ ಒಣಗಿಹಾಕಿದವನು ಆ ದಿನ ಬದುಕಿದ್ದ. ಆಮೇಲಿನದು ಗೊತ್ತಿಲ್ಲ. ಅತ್ತೆಗೆ ತೋರಿಸಿದರೆ ಅವರು ಇಷ್ಟಕ್ಕೆ ನಿಲ್ಲುವವರಲ್ಲ. ಗುರುತು ಬಂತೆಂದರೆ ಮಗ ಬಂದ ಎನ್ನುತ್ತಾರೆ. ಇಲ್ಲದಿದ್ದರೆ ಬಟ್ಟೆ ಮಾತ್ರ ಬಂತು, ಮಗ ಹೋದ ಎನ್ನುತ್ತಾರೆ. ಎರಡೂ ಬೇಡ. ಅವಳು ಅದನ್ನು ತಾನೇ ಒಗೆದು, ಹಾಸಿಗೆಯ ಕೆಳಗೆ ಬಚ್ಚಿಟ್ಟಳು. ಚಳಿ ಹೆಚ್ಚಿದ ದಿನ ರವಿಕೆಯ ಒಳಗೆ ತೊಟ್ಟುಕೊಂಡು ಒಗೆಯಲು ಕೂರುವಳು. ಅದಕ್ಕೆ ಅವನ ವಾಸನೆಯೇನೂ ಇರಲಿಲ್ಲ. ಬೂದಿ ನೀರಿನ ವಾಸನೆ, ಅಷ್ಟೇ.

ಇಷ್ಟರಲ್ಲಿ ಮಾವನ ಪತ್ರಿಕೆಗಳು ತೆಳ್ಳಗಾಗಿ, ಒಂದು ಅಂಗಿ ಸುತ್ತಲೂ ಸಾಲದಾಗಿದ್ದವು. ಯುದ್ಧಕ್ಕೆ ಇನ್ನೆರಡು ದೇಶಗಳು ಸೇರಿದವು. ಈ ವಸಂತಕ್ಕೆ ಮುಗಿಯುತ್ತದೆ ಎಂದು ಅದೇ ಪತ್ರಿಕೆ ಮೂರನೆಯ ಸಲ ಬರೆಯಿತು. ಆಸ್ಪತ್ರೆಯಿಂದ ಈಗ ಬ್ಯಾಂಡೇಜುಗಳೂ ಒಗೆಯಲು ಬರತೊಡಗಿದವು; ಹಗ್ಗದ ಮೇಲೆ ಅವು ಉದ್ದುದ್ದ ಹಾರಾಡುತ್ತಿದ್ದವು.

ಒಂದು ಭಾನುವಾರ ಮಧ್ಯಾಹ್ನ, ಆಲೂಗಡ್ಡೆ ಸುಲಿಯುತ್ತ ನಾದಿನಿ ಮಾತು ತೆಗೆದಳು.

"ನಮ್ಮ ಮೇಲ್ವಿಚಾರಕಿಗೆ ಇರೋಕೆ ಜಾಗ ಇಲ್ಲ. ಒಂದು ಕೋಣೆ ಸಿಕ್ಕಿದ್ರೆ ಬಾಡಿಗೆ ಕೊಡ್ತಾಳೆ, ಕಲ್ಲಿದ್ದಲೂ ತರ್ತಾಳೆ."

"ನಮ್ಮಲ್ಲಿ ಕೋಣೆ ಎಲ್ಲಿದೆ?" ಎಂದರು ಅತ್ತೆ.

ನಾದಿನಿ ಅತ್ತಿಗೆಯ ಕೋಣೆಯ ಬಾಗಿಲನ್ನು ನೋಡಿದಳು.

"ಅದು ನಿಮ್ಮಣ್ಣನ ಕೋಣೆ."

"ಅಮ್ಮಾ, ಅಣ್ಣ..."

"ಬಾಯಿ ಮುಚ್ಚು."

"ಎಷ್ಟು ದಿನ ಮುಚ್ಚಲಿ? ಖಾಲಿ ತಟ್ಟೆ ಇಟ್ಟುಕೊಂಡು ಎಷ್ಟು ದಿನ ಊಟ ಮಾಡೋದು? ಅತ್ತಿಗೆ ಚಿಕ್ಕವರು. ಅವರ ಮುಖ ನೋಡು, ಬೂದಿ ನೀರಲ್ಲಿ ನೆನೆಹಾಕಿದ ಹಾಗಾಗಿದೆ. ನಾವು ಯಾರಾದ್ರೂ ಒಬ್ಬರು ಬಾಯಿಬಿಟ್ಟು ಹೇಳಬೇಕಲ್ಲ."

"ಅವಳ ವಿಷಯ ಅವಳು ನೋಡ್ಕೋತಾಳೆ."

"ಹೌದಾ? ನೀವೇ ಹೇಳಿ ಅತ್ತಿಗೆ."

ಸೊಸೆ ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. ನಾದಿನಿ ದಡಬಡನೆ ಎದ್ದು, "ನೋಡೋಣ, ಎರಡು ಮಂಚ ಹಿಡಿಸುತ್ತಾ," ಎನ್ನುತ್ತ ಒಳಗೆ ಹೋದಳು. ಹಾಸಿಗೆ ಎಳೆದ ಸದ್ದು. ಸೊಸೆ ಎದ್ದು ಓಡುವಷ್ಟರಲ್ಲಿ ನಾದಿನಿ ಒಳಂಗಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಹಳದಿ ಬೆರಳು ಪಟ್ಟಿಯ ಮೇಲಿತ್ತು. ಗುರುತು ಅವಳಿಗೂ ಗೊತ್ತು. ಆ ಮನೆಯಲ್ಲಿ ಹುಟ್ಟಿದವಳು.

ಅತ್ತೆ ಕೈಚಾಚಿದರು. ನಾದಿನಿ ಕೊಟ್ಟಳು. ಅತ್ತೆ ನೋಡಲಿಲ್ಲ, ಬೆರಳಾಡಿಸಿದರು. ಆಮೇಲೆ ಎದ್ದು, ತಮ್ಮ ಟ್ರಂಕಿನ ಮುಚ್ಚಳ ತೆಗೆದು, ತಳದಿಂದ ಇನ್ನೊಂದು ಒಳಂಗಿ ತಂದು ಮೊದಲಿನದರ ಪಕ್ಕದಲ್ಲಿ, ಆಲೂಗಡ್ಡೆಯ ಸಿಪ್ಪೆಗಳ ನಡುವೆ ಇಟ್ಟರು. ಎರಡು ನೇರ, ಒಂದು ಓರೆ. ಅದರ ಮುಂಭಾಗ ಕತ್ತರಿಯಿಂದ ಉದ್ದಕ್ಕೆ ಸೀಳಿತ್ತು. ಗಾಯಗೊಂಡವರ ಬಟ್ಟೆಯನ್ನು ಹಾಗೆಯೇ ಕತ್ತರಿಸುತ್ತಾರೆ. ಕಂದು ಕಲೆಯೊಂದು ಪಟ್ಟಿಯಿಂದ ಸೊಂಟದವರೆಗೆ ಇಳಿದಿತ್ತು.

"ಬಿಸಿನೀರಿಗೆ ಹಾಕಿಬಿಟ್ಟಿದ್ದಾರೆ ಯಾರೋ," ಎಂದರು ಅತ್ತೆ. "ಹೋಗಲಿಲ್ಲ."

"ಯಾವಾಗ ಬಂತು?" ಎಂದಳು ಸೊಸೆ.

"ಹೋದ ವರ್ಷ. ಬೆನ್ನು ನೋವು ಅಂತ ನಾನು ಮಲಗಿದ್ನಲ್ಲ."

ಎರಡು ದಿನ ಗೋಡೆಗೆ ತಿರುಗಿ ಮಲಗಿದ್ದ ಬೆನ್ನು ಸೊಸೆಯ ಕಣ್ಣಿಗೆ ಕಟ್ಟಿತು. ಆ ಎರಡು ದಿನ ತಾನು ಅದಕ್ಕೆ ಎಣ್ಣೆ ಕಾಯಿಸಿ ತಿಕ್ಕಿದ್ದಳು.

"ಮತ್ತೆ ದಿನಾ ತಟ್ಟೆ ಇಡ್ತಿದ್ರಲ್ಲ ಅತ್ತೆ?"

"ನೀನು ಅದನ್ನ ದಿನಾ ತೊಳೀತಿದ್ಯಲ್ಲ." ಅತ್ತೆ ಸೊಸೆಯ ಮುಖ ನೋಡಲಿಲ್ಲ. "ಇಡದೇ ಹೋದ್ರೆ ನಿನಗೆ ತೊಳೆಯೋಕೆ ಏನಿರುತ್ತೆ ಅಂದುಕೊಂಡೆ."

ನಾದಿನಿ ಬಾಗಿಲಿಗೆ ಒರಗಿ ಜೋರಾಗಿ ಅಳತೊಡಗಿದಳು. ಅಂಗಡಿಯಿಂದ ಮಾವ, "ಏನಾಯ್ತು, ಕೈ ಕುಯ್ದುಕೊಂಡ್ಲಾ?" ಎಂದು ಕೂಗಿದರು.

"ಅತ್ತೆ, ಅಲ್ಲಿ ಒಬ್ಬರದು ಒಬ್ಬರು ಹಾಕ್ಕೋತಾರಂತೆ," ಎಂದಳು ಸೊಸೆ. ಮಂಚದವನು ಹೇಳಿದ್ದನ್ನೆಲ್ಲ ಹೇಳಿದಳು. "ಈ ಹರಿದದ್ದು ಅವರ ಮೈಮೇಲೇ ಇತ್ತು ಅಂತ ಏನು?"

"ನಮ್ಮ ಗುರುತಿದೆ."

"ಗುರುತು ಬಟ್ಟೆಗೆ ಹಾಕಿದ್ರಿ ಅತ್ತೆ. ಅವರಿಗಲ್ಲವಲ್ಲ."

ಅತ್ತೆಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳುವ ಧೈರ್ಯ ಬರಲಿಲ್ಲ. ಬದುಕಿಡೀ ಅವರು ಒಂದು ಬಟ್ಟೆಯನ್ನೂ ತಪ್ಪು ಮನೆಗೆ ಕಳಿಸಿದವರಲ್ಲ. ಎರಡೂ ಒಳಂಗಿಗಳನ್ನು ಮಡಿಸಿ ಎತ್ತಿಕೊಂಡು ಹೋದರು.

ಆ ಸಂಜೆ ಯಾರೂ ಮಗನ ತಟ್ಟೆ ಇಡಲಿಲ್ಲ. ಎಲ್ಲರೂ ಕೂತ ಮೇಲೆ ಮಾವ ಖಾಲಿ ಜಾಗ ನೋಡಿದರು. "ಅವನ ತಟ್ಟೆ ಎಲ್ಲಿ?" ಎಂದರು. ಅವರೇ ಎದ್ದು, ಮೊಣಕಾಲು ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ತಂದಿಟ್ಟರು. "ನನಗೆ ಸುದ್ದಿ ಒಂದು ವಾರ ತಡವಾಗಿ ಬರುತ್ತೆ," ಎಂದರು. "ಅಲ್ಲಿವರೆಗೂ ಇರಲಿ."

ಕೋಣೆಯನ್ನು ಬಾಡಿಗೆಗೆ ಕೊಡೋಣ ಎಂದು ಹೇಳಿದ್ದು ಸೊಸೆಯೇ. ನಾದಿನಿಗೆ ನಾಚಿಕೆಯಾಗಿ, ಬೇಡ ಬಿಡಿ ಅತ್ತಿಗೆ ಎಂದಳು. ಆದರೆ ಆ ಹಾಸಿಗೆಯ ಕೆಳಗೆ ಈಗ ಏನೂ ಇರಲಿಲ್ಲ. ಮೇಲ್ವಿಚಾರಕಿ ಒಂದು ಪೆಟ್ಟಿಗೆ, ಒಂದು ಮೂಟೆ ಕಲ್ಲಿದ್ದಲು ಮತ್ತು ನಿಲ್ಲದ ಕೆಮ್ಮಿನೊಂದಿಗೆ ಬಂದಳು. ಮಾವ ಅವಳಿಗೆ ಕೆಮ್ಮಿನಮ್ಮ ಎಂದು ಹೆಸರಿಟ್ಟರು. ಸೊಸೆ ಇಸ್ತ್ರಿಯ ಮೇಜಿನ ಕೆಳಗೆ ಚಾಪೆ ಹಾಸಿಕೊಂಡಳು. ಮೇಜು ಕೆಂಡದ ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತಿತ್ತು. ಅತ್ತೆಯೂ ಅವಳೂ ಆಮೇಲೆ ಆ ಮಾತು ಎತ್ತಲಿಲ್ಲ. ಒಂದು ಹೊದಿಕೆಯ ಎರಡು ತುದಿ ಹಿಡಿದು ಹಿಂಡುವಾಗ ಎದುರುಬದುರು ನಿಲ್ಲುವರು. ಅವರು ಬಲಕ್ಕೆ ತಿರುಚಿದರೆ ಇವಳು ಎಡಕ್ಕೆ. ನೀರೆಲ್ಲ ಇಳಿದುಹೋಗುವವರೆಗೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಅಷ್ಟೇ.

ಶಾಂತಿಯ ಸುದ್ದಿಯೂ ಮಾವನನ್ನು ಕಾಯಲಿಲ್ಲ. ಒಂದು ಬೆಳಿಗ್ಗೆ ಬೀದಿಯಲ್ಲಿ ಗದ್ದಲವೋ ಗದ್ದಲ. ಕಾರ್ಖಾನೆಯ ಸೈರನ್ ನಿಲ್ಲದೆ ಕೂಗಿತು. ಕೆಮ್ಮಿನಮ್ಮ ಕುಣಿದು ಕುಣಿದು ಉಸಿರುಗಟ್ಟಿ ಕೂತಳು. ಮಧ್ಯಾಹ್ನದೊಳಗೆ ಅಂಗಡಿಗೆ ಮೇಜುಬಟ್ಟೆಗಳು ಬರತೊಡಗಿದವು. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಮಡಚಿಟ್ಟು ಮಡಿಕೆಯಲ್ಲಿ ಹಳದಿ ಗೆರೆ ಬಿದ್ದ ದೊಡ್ಡ ದೊಡ್ಡ ಬಟ್ಟೆಗಳು. ಮೇಷ್ಟ್ರ ತಾಯಿ ಮಾತ್ರ ಮಗನ ಒಂದೇ ಒಂದು ಅಂಗಿ ತಂದರು. "ಕೊಳೆಯಾಗಿಲ್ಲ. ಸುಮ್ಮನೆ ಒಂದ್ಸಲ ಒಗೀರಿ," ಎಂದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾವ ಅದಾಗಿ ಒಂದು ವಾರ, ಭೀಕರ ಕಾಳಗ ಮುಂದುವರಿದಿದೆ ಎಂದು ಓದುತ್ತಲೇ ಇದ್ದರು; ಯಾರೂ ನಗಲಿಲ್ಲ.

ಜನ ರೈಲು ರೈಲಾಗಿ ಬಂದರು. ಸೊಸೆ ನಿಲ್ದಾಣಕ್ಕೆ ಹೋಗಲಿಲ್ಲ. ಎಲ್ಲರೂ ಬಂದು ಮುಗಿದರು ಎನ್ನುವಾಗ, ಹಂಡೆಗೆ ಸೌದೆ ಒಟ್ಟುತ್ತಿದ್ದ ಒಂದು ಸಂಜೆ, ಹಿತ್ತಲ ಬಾಗಿಲು ತಳ್ಳಿಕೊಂಡು ಯಾರೋ ಒಳಗೆ ಬಂದ. ಗಡ್ಡ, ಹೆಗಲ ಮೇಲೆ ಖಾಲಿ ಚೀಲ. "ಅಂಗಡಿ ಮುಂದುಗಡೆ ಇದೆ," ಎಂದಳು ಅವಳು. ಅವನು ಅಲ್ಲೇ ನಿಂತ. ನಿಂತದ್ದು ನೋಡಿದ ಮೇಲೆ ಅವಳಿಗೆ ಗೊತ್ತಾಯಿತು.

ಅತ್ತೆ ಓಡಿಬಂದು ಮಗನ ಮುಖ, ತೋಳು, ಎದೆ ಎಲ್ಲ ತಡವಿದರು. ಎದೆಯ ಮೇಲೆ ಕೈ ಬಹಳ ಹೊತ್ತು ಹುಡುಕಿತು. ಅಲ್ಲಿ ಯಾವ ಗಾಯವೂ ಇರಲಿಲ್ಲ. ಎಲ್ಲಿದ್ದೆ ಎಂದು ಮಾವ ಕೇಳಿದರೆ, "ಆ ಕಡೆಯವರ ಕೈಗೆ ಸಿಕ್ಕಿದ್ದೆ," ಎಂದ. ಅಷ್ಟೇ. ಆ ರಾತ್ರಿಯ ಊಟಕ್ಕೆ ಅವನ ತಟ್ಟೆಯಲ್ಲಿ ಬ್ರೆಡ್ಡು ಬಿತ್ತು. ಅರ್ಧ ತಿಂದು, ಉಳಿದರ್ಧವನ್ನು ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡ. ಎಲ್ಲರೂ ಕಂಡರು.

"ಏನೋ, ನನ್ನ ಕೈ ನೋಡಿ ಹೆದರಿಕೊಂಡ್ಯಾ?" ಎಂದು ನಾದಿನಿ ಹಳದಿ ಬೆರಳುಗಳನ್ನು ಅವನ ಮುಖದ ಮುಂದೆ ಆಡಿಸಿದಳು. "ಗಂಜಿ," ಎಂದ ಅವನು, ನೆನಪು ಮಾಡಿಕೊಂಡವನ ಹಾಗೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಕೋಣೆಯಲ್ಲಿ ಕೆಮ್ಮಿನಮ್ಮ ಇದ್ದಳು. ಅವನು ಇಸ್ತ್ರಿಯ ಮೇಜಿನ ಮೇಲೆ ಮಲಗಿದ, ಅವಳು ಕೆಳಗೆ. ಹಲಗೆಯೊಂದೇ ನಡುವೆ. ಅವನು ಮಗ್ಗುಲು ಬದಲಿಸಿದ್ದು, ಉಸಿರು ಹಿಡಿದದ್ದು, ಬಿಟ್ಟದ್ದು ಎಲ್ಲ ಅವಳಿಗೆ ಕೇಳುತ್ತಿತ್ತು. ಯಾರೂ ಇಲ್ಲದಾಗಲೂ ಆ ಮೇಜಿನ ಕೆಳಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ ಎಂದು ಅವಳಿಗೆ ಹೊಳೆದು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಅತ್ತೆ ಅವನ ಬಟ್ಟೆಗಳನ್ನು ಒಗೆಯಲು ತೆಗೆದುಕೊಂಡರು. ಒಳಂಗಿಯ ಪಟ್ಟಿಯ ಮೇಲೆ ರೂಢಿಯ ಹಾಗೆ ಬೆರಳಾಡಿಸಿದರು. ನಿಂತರು. ಮತ್ತೆ ಆಡಿಸಿದರು. ಬೆಳಕಿಗೆ ಹಿಡಿದರು. ಸೊಸೆ ಹತ್ತಿರ ಬಂದು ನೋಡಿದಳು. ನೀಲಿ ದಾರದಲ್ಲಿ ಹೊಲಿದ ಒಂದು ಪುಟ್ಟ ಎಲೆ. ತೊಟ್ಟು ಕೂಡ ಇತ್ತು. ಬಹಳ ನಿಧಾನವಾಗಿ, ಬಹಳ ಹೊತ್ತು ಕೂತು ಹೊಲಿದ ಕೈ.

"ಇದು ಯಾವ ಮನೆಯದೋ?" ಎಂದು ಅತ್ತೆ ಮಗನನ್ನು ಕೇಳಿದರು.

"ಗೊತ್ತಿಲ್ಲ."

"ನಮ್ಮ ಊರಿಂದಲ್ಲ."

"ನಮ್ಮ ಕಡೆಯದೇ ಅಲ್ಲ," ಎಂದ ಅವನು. "ಆ ಕಡೆಯದು."

ಅತ್ತೆ ಹಂಡೆಯ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತರು. ಮಗ ಎದುರಿಗೇ ನಿಂತಿದ್ದ. ಅವರು ಎಲೆಯ ಮೇಲೆ ಹೆಬ್ಬೆರಳಿಟ್ಟುಕೊಂಡು ಬೇರೆ ಎಲ್ಲೋ ನೋಡುತ್ತಿದ್ದರು. "ಅಲ್ಲೂ ಒಬ್ಬಳು ಹೊಲೀತಾಳೆ," ಎಂದರು, ಯಾರಿಗೂ ಅಲ್ಲ.

ಆ ವಾರವೇ ಅಂಗಡಿಗೆ ಮತ್ತೆ ನೀಲಿಯ ಪುಡಿ ಬಂತು, ಸ್ವಲ್ಪ ಹಿಟ್ಟೂ ಬಂತು. ಸೊಸೆ ಆ ಒಳಂಗಿಯನ್ನು ತಣ್ಣೀರಿನಲ್ಲಿ ನೆನೆಹಾಕಿದಳು. ಒಗೆದಳು. ಕಡೆಯ ನೀರಿಗೆ ನೀಲಿ ಹಾಕುವಾಗ ಕೈ ತಡೆದು, ಒಂದು ಚಿಟಿಕೆಯನ್ನು ಡಬ್ಬಿಗೇ ಮರಳಿಸಿದಳು. ಒಳಂಗಿಗೆ ಯಾರೂ ಗಂಜಿ ಹಾಕುವುದಿಲ್ಲ. ಅವಳು ಪಟ್ಟಿಗೆ ಮಾತ್ರ ಹಾಕಿ, ಇಸ್ತ್ರಿ ಮಾಡಿ, ಮಡಿಸಿ, ಪತ್ರಿಕೆಯಲ್ಲಿ ಸುತ್ತದೆ ಹಾಗೇ ಅಂಗಡಿಗೆ ತಂದಳು. ಮೇಲಿನ ಹಲಗೆಗೆ ಕೈ ಎಟುಕಲು ಸ್ಟೂಲು ಹತ್ತಿದಳು. ಬ್ಯಾಂಡಿನವನ ಷರಾಯಿಯನ್ನು ಸರಿಸಿ ಜಾಗ ಮಾಡುತ್ತಿದ್ದಾಗ ಹಿಂದಿನಿಂದ ಗಂಡನ ದನಿ ಬಂತು.

"ಅಲ್ಲಿ ಯಾಕೆ ಇಡ್ತೀಯ?"

"ಕೇಳಿಕೊಂಡು ಯಾರಾದ್ರೂ ಬಂದ್ರೆ..."

"ಯಾರೂ ಬರಲ್ಲ." ಅವನ ಕಣ್ಣು ಒಳಂಗಿಯ ಮೇಲಿತ್ತು. "ಅವನು ಬರಲ್ಲ."

ಅವನಿಗೆ ಅದು ಹೇಗೆ ಗೊತ್ತು ಎಂದು ಕೇಳಲು ಅವಳು ತಿರುಗಿದಳು. ಅವನ ಮುಖ ನೋಡಿದಳು. ಕೇಳಲಿಲ್ಲ.

"ನಿಮ್ಮವೂ ಎರಡು ಬಂದಿದ್ದವು," ಎಂದಳು.

ಅವನು ಹತ್ತಿರ ಬಂದು ಅವಳ ಕೈಯಿಂದ ಒಳಂಗಿಯನ್ನು ತೆಗೆದುಕೊಂಡ. ಅವಳು ಮಡಿಸಿದ್ದನ್ನು ಬಿಚ್ಚಿ, ಮೊದಲೆಲ್ಲ ಮಡಿಸುತ್ತಿದ್ದ ಹಾಗೆ ತೋಳುಗಳನ್ನು ಹಿಂದಕ್ಕೆ ಸೇರಿಸಿ, ಎಲೆ ಒಳಗಾಗುವಂತೆ ಮಡಿಸಿದ. ಸ್ಟೂಲು ಬೇಕಾಗದ ಎತ್ತರ ಅವನದು. ಹಲಗೆಯ ಮೇಲಿಟ್ಟು, ಅಂಚು ಸರಿಮಾಡಿದ. ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಹಿತ್ತಲಿಗೆ ಹೋದ.

ಹಂಡೆ ಕುದಿಯುತ್ತಿತ್ತು. ಅವಳು ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಹಗ್ಗಗಳ ಮೇಲೆ ಊರಿನವರ ಮೇಜುಬಟ್ಟೆಗಳು ಬೆಳ್ಳಗೆ ತೂಗುತ್ತಿದ್ದವು. ಹಗ್ಗಗಳನ್ನು ಅವನೇ, ತನ್ನ ತಲೆಗಿಂತ ಮೇಲೆ, ಮದುವೆಯಾದ ವರ್ಷ ಎಳೆದು ಕಟ್ಟಿದ್ದು. ಅವನು ಮೊದಲ ಹಗ್ಗದ ಹತ್ತಿರ ಬಂದು, ಬಟ್ಟೆಯಿಲ್ಲದ ತುದಿಯಲ್ಲಿ ಬಗ್ಗಿ ದಾಟಿದ. ಎರಡನೆಯದರ ಹತ್ತಿರವೂ ಬಗ್ಗಿದ. ಹಿತ್ತಲ ಗೋಡೆ ಮುಟ್ಟುವವರೆಗೂ ಬಗ್ಗಿಕೊಂಡೇ ಹೋದ.